ಊನೋದರವೂ ಶಸ್ತ್ರಚಿಕಿತ್ಸೆಯೂ

ದೇಹಧಾರಣೆಗೆ ಆಹಾರವು ಅವಶ್ಯಕ. ಆಹಾರದ ಮೇಲಣ ಲಾಲಸೆಯು ಬಂಧನಕ್ಕೆ ಕಾರಣ. ಇವೆರಡರ ನಡುವಣ ಗೆರೆಯನ್ನು ದಿನದಿನವೂ ಗುರುತಿಸಿಕೊಳ್ಳುವುದು ಶ್ರಾವಕಧರ್ಮದ ಮೊದಲ ಪಾಠಗಳಲ್ಲೊಂದು. ಬಾಹ್ಯ ತಪಸ್ಸಿನ ಆರು ಭೇದಗಳಲ್ಲಿ ಮೊದಲ ನಾಲ್ಕೂ, ಅಂದರೆ ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ ಮತ್ತು ರಸಪರಿತ್ಯಾಗಗಳು, ಊಟಕ್ಕೇ ಸಂಬಂಧಿಸಿವೆಯೆಂಬುದು ಗಮನಾರ್ಹ. ಇವುಗಳಲ್ಲಿ ಎರಡನೆಯದಾದ ಅವಮೌದರ್ಯವನ್ನು ರೂಢಿಯಲ್ಲಿ ಊನೋದರವೆನ್ನುತ್ತಾರೆ. ಹಸಿವು ಪೂರ್ತಿಯಾಗಿ ತೀರುವ ಮುನ್ನವೇ, ಎದುರಿಗೆ ಅನ್ನವಿರುವಾಗಲೇ, ತಾನಾಗಿ ಕೈ ತೊಳೆಯುವುದು ಅದರ ಲಕ್ಷಣ. ಪೂರ್ಣಾಹಾರವು ಪುರುಷನಿಗೆ ಮೂವತ್ತೆರಡು ತುತ್ತು, ಸ್ತ್ರೀಗೆ ಇಪ್ಪತ್ತೆಂಟು ತುತ್ತು ಎಂದು ಪರಂಪರೆಯು ಎಣಿಸಿ, ಅದರಿಂದ ಒಂದೊಂದಾಗಿ ಇಳಿಸುತ್ತ ಬರುವ ಕ್ರಮವನ್ನು ಹೇಳಿದೆ.

ಈ ಕಾಲದಲ್ಲಿ ಉದರವನ್ನೇ ಊನಗೊಳಿಸುವ ಒಂದು ಚಿಕಿತ್ಸೆಯು ಬಳಕೆಗೆ ಬಂದಿದೆ. ಅತಿಸ್ಥೂಲತೆಯಿಂದ ಮಧುಮೇಹ, ರಕ್ತದೊತ್ತಡ, ಮಂಡಿಸವೆತ, ನಿದ್ರೆಯಲ್ಲಿ ಉಸಿರುಗಟ್ಟುವಿಕೆ ಮೊದಲಾದ ವ್ಯಾಧಿಗಳಿಗೆ ಗುರಿಯಾದವರ ಜಠರವನ್ನು ಶಸ್ತ್ರವೈದ್ಯರು ಕಿರಿದು ಮಾಡುತ್ತಾರೆ. ಇದಕ್ಕೆ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಎಂದು ಹೆಸರು. ಇದಕ್ಕೆ ಒಪ್ಪಿದ ರೋಗಿಯನ್ನು ವೈದ್ಯರು ಕೂಡಲೇ ಶಸ್ತ್ರಾಗಾರಕ್ಕೆ ಒಯ್ಯುವುದಿಲ್ಲ. ಕೆಲವು ವಾರಗಳಿಂದ ಕೆಲವು ತಿಂಗಳುಗಳವರೆಗೆ ಆಹಾರತಜ್ಞರಲ್ಲಿಗೆ ಕಳುಹಿಸಿ, ಏನನ್ನು, ಎಷ್ಟನ್ನು, ಹೇಗೆ, ಯಾವಾಗ ತಿನ್ನಬೇಕೆಂಬ ಶಿಕ್ಷಣವನ್ನು ಕೊಡಿಸುತ್ತಾರೆ. ಈ ಪೂರ್ವಶಿಕ್ಷಣದ ನೈತಿಕ ಅರ್ಥವೇನೆಂಬುದು ಇಲ್ಲಿಯ ವಿಚಾರ. ಸಂಯಮದಿಂದ ಆಗಬೇಕಾದ ಕಾರ್ಯವನ್ನು ಶಸ್ತ್ರದಿಂದ ಮಾಡಿಸಿಕೊಳ್ಳುವುದು ಸಂಯಮಕ್ಕೆ ಬೆನ್ನು ತೋರಿಸಿದಂತಲ್ಲವೇ? ಕೊಯ್ದು ಕಿರಿದಾದ ಹೊಟ್ಟೆಯು ಕಡಿಮೆ ಉಂಡರೆ ಅದರಲ್ಲಿ ಉಣ್ಣುವವನ ಪುಣ್ಯವೇನು?

ರೋಗವೋ ದೋಷವೋ

ಪ್ರಶ್ನೆಯನ್ನು ಒಂದು ಮನೆಯೊಳಗಿಟ್ಟು ನೋಡುವುದು ಲೇಸು. ಕುಂದಾಪುರ ತಾಲೂಕಿನ ಒಬ್ಬ ಗೃಹಿಣಿಯನ್ನು ಭಾವಿಸಿಕೊಳ್ಳೋಣ. ವಯಸ್ಸು ನಲವತ್ತೈದು, ಎತ್ತರ 155 ಸೆಂಟಿಮೀಟರ್, ತೂಕ 90 ಕಿಲೋ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಪಡೆಯುವ ದೇಹತೂಕ ಸೂಚ್ಯಂಕವು ಆಕೆಯಲ್ಲಿ 37ನ್ನು ಮೀರಿದೆ. ಮಧುಮೇಹಕ್ಕೆ ಹತ್ತು ವರ್ಷವಾಗಿದೆ. ದೇವರಕೋಣೆಯಲ್ಲಿ ಕೆಳಗೆ ಕುಳಿತರೆ ಏಳಲು ಇನ್ನೊಬ್ಬರ ಕೈ ಬೇಕು. ಮೂರು ಸಲ ಪಥ್ಯ ಹಿಡಿದು ಹತ್ತು ಕಿಲೋ ಇಳಿಸಿದ್ದಾಳೆ. ಮೂರು ಸಲವೂ ಅದು ಹಿಂದಿರುಗಿ ಬಂದಿದೆ. ವೈದ್ಯರು ಶಸ್ತ್ರಚಿಕಿತ್ಸೆಯ ಮಾತೆತ್ತಿದೊಡನೆ ಮನೆಯವರೂ ನೆಂಟರೂ ಹೇಳುವ ಮಾತು ಒಂದೇ: “ಬಾಯಿ ಕಟ್ಟಿದರೆ ಸಾಲದೇ? ಅಷ್ಟಕ್ಕೆ ಹೊಟ್ಟೆ ಕೊಯ್ಯಿಸಿಕೊಳ್ಳಬೇಕೇ?”

ಈ ಮಾತಿನ ಹಿಂದೆ ಸ್ಥೂಲತೆಯೆಂದರೆ ನಾಲಗೆಯ ಚಾಪಲ್ಯವೆಂಬ ತೀರ್ಪು ಅಡಗಿದೆ. ಆದರೆ ಈಚಿನ ಮೂರು ದಶಕಗಳ ಶರೀರಶಾಸ್ತ್ರವು ಈ ತೀರ್ಪನ್ನು ಎತ್ತಿಹಿಡಿಯುವುದಿಲ್ಲ. ಕೊಬ್ಬಿನ ಕಣಗಳಿಂದ ಹೊರಟು ಮೆದುಳಿಗೆ ತೃಪ್ತಿಯ ಸುದ್ದಿಯನ್ನು ಒಯ್ಯುವ ಲೆಪ್ಟಿನ್ ಎಂಬ ದ್ರವ್ಯವು 1994ರಲ್ಲಿ ಪತ್ತೆಯಾಯಿತು. ಜಠರದಲ್ಲಿ ಹುಟ್ಟಿ ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬುದನ್ನು ಜಪಾನಿನ ವಿಜ್ಞಾನಿಗಳು 1999ರಲ್ಲಿ ಗುರುತಿಸಿದರು. ಒಬ್ಬ ವ್ಯಕ್ತಿಯು ಪಥ್ಯದಿಂದ ತೂಕ ಇಳಿಸಿದಾಗ ದೇಹವು ಅದನ್ನು ಬರಗಾಲವೆಂದು ಭಾವಿಸಿ ಗ್ರೆಲಿನ್ನನ್ನು ಏರಿಸುತ್ತದೆ, ಲೆಪ್ಟಿನ್ನನ್ನು ತಗ್ಗಿಸುತ್ತದೆ, ವಿಶ್ರಾಂತಿಯಲ್ಲಿ ಖರ್ಚಾಗುವ ಶಕ್ತಿಯನ್ನೂ ಕುಗ್ಗಿಸುತ್ತದೆ. ಈ ಪ್ರತಿರೋಧವು ವರ್ಷ ಕಳೆದರೂ ಮಾಯುವುದಿಲ್ಲ. ಅನುವಂಶಿಕತೆಯ ಪಾಲೂ ಇದರಲ್ಲಿ ದೊಡ್ಡದು. ಆದುದರಿಂದ ಸಮಾನ ಹಸಿವಿನವರು ಸಮಾನ ಸಂಯಮ ತೋರಲಿಲ್ಲವೆಂಬ ಆಕ್ಷೇಪಣೆಗೆ ಆಧಾರವಿಲ್ಲ, ಹಸಿವೇ ಸಮಾನವಲ್ಲ. ಇನ್ನೊಬ್ಬನ ಹಸಿವನ್ನು ಉಣ್ಣದೆ ಅವನ ಸಂಯಮವನ್ನು ಅಳೆಯುವುದು ಮಾತಿನ ಮೂಲಕ ನಡೆಯುವ ಹಿಂಸೆಯೇ ಸರಿ.

ಇದು ಒಬ್ಬಿಬ್ಬರ ಸಮಸ್ಯೆಯೂ ಅಲ್ಲ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದೊಳಗಿನ ಸ್ತ್ರೀಯರಲ್ಲಿ ನೂರಕ್ಕೆ 24 ಮಂದಿ, ಪುರುಷರಲ್ಲಿ ನೂರಕ್ಕೆ ಸುಮಾರು 23 ಮಂದಿ ಅಧಿಕ ತೂಕದವರು. ಕರಾವಳಿಯ ಬದುಕೂ ಬದಲಾಗಿದೆ. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಊರುಗಳಲ್ಲಿ ಗದ್ದೆಯ ಉಳುಮೆ, ನಾಟಿ, ಕುಟ್ಟುವುದು, ಬೀಸುವುದು, ಬಾವಿಯಿಂದ ನೀರು ಸೇದುವುದು ಇವೆಲ್ಲವೂ ಯಂತ್ರದ ಪಾಲಾಗಿವೆ. ಆ ದುಡಿಮೆಗೆಂದು ರೂಢಿಯಾದ ಕುಚ್ಚಲಕ್ಕಿ ಅನ್ನದ ರಾಶಿ ಮಾತ್ರ ತಟ್ಟೆಯಲ್ಲಿ ಉಳಿದಿದೆ; ಅದರ ಜೊತೆಗೆ ಬೇಕರಿಯ ತಿನಿಸೂ ಸಂಜೆಯ ಗೋಳಿಬಜೆಯೂ ಸೇರಿವೆ.

ಶಸ್ತ್ರಕ್ಕೆ ಸಾಧ್ಯವಾದುದು, ಆಗದುದು

ಈ ಚಿಕಿತ್ಸೆಯಲ್ಲಿ ಮುಖ್ಯವಾಗಿ ಎರಡು ಬಗೆ. ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಮುಕ್ಕಾಲು ಪಾಲಿಗಿಂತ ಹೆಚ್ಚು ಭಾಗವನ್ನು ತೆಗೆದು, ಉಳಿದುದನ್ನು ಸಣ್ಣ ಬಾಳೆಕಾಯಿಯಂಥ ಕೊಳವೆಯಾಗಿ ಬಿಡುತ್ತಾರೆ. ಗ್ರೆಲಿನ್ ಹೆಚ್ಚಾಗಿ ಉತ್ಪತ್ತಿಯಾಗುವ ಭಾಗವೂ ತೆಗೆದುದರಲ್ಲಿ ಸೇರುವುದರಿಂದ ಹಸಿವೂ ತಗ್ಗುತ್ತದೆ. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಚಿಕ್ಕ ಚೀಲವನ್ನು ಮಾಡಿ, ಅದನ್ನು ಸಣ್ಣ ಕರುಳಿನ ಕೆಳಭಾಗಕ್ಕೆ ಜೋಡಿಸುತ್ತಾರೆ. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಸಮಾವೇಶವು ಸೂಚ್ಯಂಕ 40 ದಾಟಿದವರಿಗೆ, ಅಥವಾ 35 ದಾಟಿ ಜೊತೆಗೆ ಗಂಭೀರ ವ್ಯಾಧಿಯಿರುವವರಿಗೆ ಇದನ್ನು ಪರಿಗಣಿಸಬಹುದೆಂದಿತ್ತು. 2022ರಲ್ಲಿ ಈ ಕ್ಷೇತ್ರದ ಅಂತರರಾಷ್ಟ್ರೀಯ ವೈದ್ಯಸಂಘಟನೆಗಳು ಆ ಮಿತಿಯನ್ನು ಇಳಿಸಿದುದಲ್ಲದೆ, ಏಷ್ಯದವರಲ್ಲಿ ಕಡಿಮೆ ತೂಕಕ್ಕೇ ಮಧುಮೇಹ ಅಂಟುವುದರಿಂದ 27.5ರಿಂದಲೇ ಯೋಚಿಸಬಹುದೆಂದವು.

ಇದರ ಫಲವು ಅಲ್ಪವಲ್ಲ. ಸ್ವೀಡನ್ ದೇಶದಲ್ಲಿ 1987ರಲ್ಲಿ ಆರಂಭವಾದ ದೀರ್ಘ ಅಧ್ಯಯನವು, ಶಸ್ತ್ರಚಿಕಿತ್ಸೆಗೊಳಗಾದವರಲ್ಲಿ ಮರಣಪ್ರಮಾಣ ಇಳಿದುದನ್ನು 2007ರಲ್ಲಿ ಪ್ರಕಟಿಸಿತು. ಅನೇಕರಲ್ಲಿ ಮಧುಮೇಹದ ಮದ್ದು ಕಡಿಮೆಯಾಗುತ್ತದೆ, ಕೆಲವರಲ್ಲಿ ನಿಂತೇ ಹೋಗುತ್ತದೆ. ಅಪಾಯವೂ ಇಲ್ಲದಿಲ್ಲ, ಹೊಲಿಗೆಯ ಸೋರುವಿಕೆ, ರಕ್ತಸ್ರಾವ, ರಕ್ತ ಹೆಪ್ಪುಗಟ್ಟುವಿಕೆ, ಅಪರೂಪವಾಗಿ ಮರಣವೂ ಸಂಭವಿಸುತ್ತವೆ. ಇದನ್ನು ಸೌಂದರ್ಯಕ್ಕಾಗಿ ಕೊಬ್ಬು ಹೀರಿ ತೆಗೆಯುವ ಕ್ರಿಯೆಯೊಡನೆ ಬೆರೆಸಬಾರದು. 2022ರ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ 21 ವರ್ಷದ ಕಿರುತೆರೆ ನಟಿಯೊಬ್ಬರು ಮೃತಪಟ್ಟರು. ತಂದೆತಾಯಿಗಳಿಗೆ ತಿಳಿಸದೆ ಹೋಗಿದ್ದರೆಂದು ಆಗಿನ ಪತ್ರಿಕೆಗಳು ವರದಿಮಾಡಿದ್ದವು. ಚಿಕಿತ್ಸೆ ಬೇರೆಯಾದರೂ ಆ ಘಟನೆಯು ಒಂದು ಪಾಠವನ್ನು ಉಳಿಸಿದೆ. ನೆರೆಹೊರೆಯ ನಗೆಗೂ ಮನೆಯವರ ತೀರ್ಪಿಗೂ ಅಂಜಿ ಗುಟ್ಟಾಗಿ ಚಿಕಿತ್ಸೆಗೆ ಹೋಗುವ ಸ್ಥಿತಿಯನ್ನು ಸಮಾಜವು ಯಾರಿಗೂ ತರಬಾರದು.

ಆದರೆ ಶಸ್ತ್ರವು ಮುಟ್ಟುವುದು ಜಠರವನ್ನು, ಅಭ್ಯಾಸವನ್ನಲ್ಲ. ಕಿರಿದಾದ ಹೊಟ್ಟೆಯಲ್ಲಿ ಗಟ್ಟಿ ಆಹಾರ ನಿಲ್ಲುತ್ತದೆ. ಪಾಯಸ, ಐಸ್‌ಕ್ರೀಮ್, ಸಕ್ಕರೆ ಬೆರೆಸಿದ ಪಾನಕ, ಬಾಯಲ್ಲಿ ಕರಗುವ ಕುರುಕಲು ತಿಂಡಿ ಇವು ನಿಲ್ಲದೆ ಜಾರಿಹೋಗುತ್ತವೆ. ದಿನವಿಡೀ ಸ್ವಲ್ಪಸ್ವಲ್ಪವಾಗಿ ಇವನ್ನು ಸೇವಿಸುವವನ ತೂಕವು ಮೊದಲ ಒಂದೆರಡು ವರ್ಷ ಇಳಿದು ಮತ್ತೆ ಏರುತ್ತದೆ. ಬೈಪಾಸ್ ಆದವರು ಸಿಹಿಯನ್ನು ಒಮ್ಮೆಲೇ ಸೇವಿಸಿದರೆ ಅದು ಕರುಳಿಗೆ ಧುಮುಕಿ, ಎದೆಬಡಿತ, ಬೆವರು, ತಲೆಸುತ್ತು, ಭೇದಿಗಳನ್ನು ತರುವುದುಂಟು. ಮದ್ಯವು ಬಹುಬೇಗ ನೆತ್ತಿಗೇರುತ್ತದೆ. ಊಟದ ಚಟ ಬಿಟ್ಟವರು ಕುಡಿತಕ್ಕೆ ಬಿದ್ದ ಉದಾಹರಣೆಗಳೂ ವೈದ್ಯಸಾಹಿತ್ಯದಲ್ಲಿವೆ. ಬಾಗಿಲನ್ನು ಕಿರಿದುಮಾಡಿದರೆ ತೃಷ್ಣೆಯು ಕಿಟಕಿಯನ್ನು ಹುಡುಕುತ್ತದೆ.

ಅಕಾಮ ಮತ್ತು ಸಕಾಮ

ಇಲ್ಲಿ ಜೈನ ಕರ್ಮಸಿದ್ಧಾಂತದ ಒಂದು ವಿಭಾಗವು ದಾರಿ ತೋರುತ್ತದೆ. ಕರ್ಮವು ಕಳಚಿಹೋಗುವುದಕ್ಕೆ ನಿರ್ಜರೆಯೆಂದು ಹೆಸರು. ಸೆರೆಯಲ್ಲಿರುವವನು ಅನ್ನ ಸಿಗದೆ ಹಸಿದಿರುತ್ತಾನೆ, ಉಪವಾಸಿಯೂ ಹಸಿದಿರುತ್ತಾನೆ. ಹೊಟ್ಟೆಯ ಮಟ್ಟಿಗೆ ಇಬ್ಬರದೂ ಒಂದೇ ಅನುಭವ. ಪರವಶತೆಯಿಂದ ಸಹಿಸಿದ ಮೊದಲನೆಯವನದು ಅಕಾಮನಿರ್ಜರೆ. ಅರಿತು, ಬಯಸಿ, ಸಂಕಲ್ಪಿಸಿ ಸಹಿಸಿದ ಎರಡನೆಯವನದು ಸಕಾಮನಿರ್ಜರೆ. ಅಕಾಮನಿರ್ಜರೆಯು ಸಂಪೂರ್ಣ ನಿಷ್ಫಲವಲ್ಲ. ಆದರೆ ಅದು ಮುಕ್ತಿಮಾರ್ಗವೂ ಅಲ್ಲ. ಎರಡರ ನಡುವಣ ಅಂತರವನ್ನು ಉಂಟುಮಾಡುವುದು ಹಸಿವಿನ ಪ್ರಮಾಣವಲ್ಲ, ಅರಿವು.

ಈ ದೃಷ್ಟಿಯಿಂದ ನೋಡಿದರೆ ಆಕ್ಷೇಪಣೆಯಲ್ಲಿ ಅರ್ಧ ಸತ್ಯವಿದೆ. ಏನನ್ನೂ ಕಲಿಯದೆ, ಯಾವುದನ್ನೂ ಬಿಡಲು ಸಂಕಲ್ಪಿಸದೆ ಶಸ್ತ್ರಕ್ಕೆ ಮೈಯೊಡ್ಡಿದವನು ನಾಲ್ಕು ತುತ್ತಿಗೇ ಹೊಟ್ಟೆ ಬಿರಿದು ನಿಲ್ಲಿಸುತ್ತಾನೆ. ಅದು ಊನೋದರ ತಪಸ್ಸಲ್ಲ, ಸ್ಥಳಾಭಾವ. ಅವನು ಸೆರೆಯಾಳಿನಂತೆ, ಕಾವಲು ಸಡಿಲಿದ ದಿನ ಹಳೆಯ ಹಾದಿಗೆ ಹಿಂದಿರುಗುತ್ತಾನೆ. ಆದರೆ ಶಸ್ತ್ರಕ್ಕೆ ಮುನ್ನವೇ, ಜಠರವು ಇನ್ನೂ ಪೂರ್ಣವಾಗಿರುವಾಗಲೇ, ಉಣ್ಣಲು ಶಕ್ತಿಯೂ ಅವಕಾಶವೂ ಇರುವಾಗಲೇ ತುತ್ತನ್ನು ಎಣಿಸಲು ಕಲಿತವನ ವಿಷಯ ಹಾಗಲ್ಲ. ಮುಂದೆ ಬರಲಿರುವ ನಿರ್ಬಂಧವನ್ನು ಅವನು ಇಂದೇ ತನ್ನ ವ್ರತವಾಗಿ ಸ್ವೀಕರಿಸಿದ್ದಾನೆ. ಅವನಿಗೆ ಶಸ್ತ್ರವು ಸೆರೆಯಾಗದೆ ವ್ರತಕ್ಕೆ ಊರುಗೋಲಾಗುತ್ತದೆ. ವೈದ್ಯರು ವಿಧಿಸುವ ಪೂರ್ವಶಿಕ್ಷಣದ ಆ ಕೆಲವು ವಾರಗಳು ನಿಜಕ್ಕೂ ಪರವಶತೆಯನ್ನು ಸಂಕಲ್ಪವಾಗಿ ಮಾರ್ಪಡಿಸಿಕೊಳ್ಳಲು ದೊರೆಯುವ ಅವಧಿ. ಆ ಅವಧಿ ಒಮ್ಮೆ ಕಳೆದರೆ, ಜಠರವು ಕಿರಿದಾದ ಮೇಲೆ ಕಲಿತದ್ದರಲ್ಲಿ ಎಷ್ಟು ಭಾಗ ಇಚ್ಛೆ, ಎಷ್ಟು ಭಾಗ ಅನಿವಾರ್ಯತೆ ಎಂಬುದನ್ನು ಬೇರ್ಪಡಿಸುವುದು ಕಲಿತವನಿಗೂ ಕಷ್ಟ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಮೊದಲು ಇಷ್ಟು ತೂಕ ಇಳಿಸಿ ಬಂದರೆ ಮಾತ್ರ ಶಸ್ತ್ರಚಿಕಿತ್ಸೆಯೆಂದು ರೋಗಿಯನ್ನು ಪರೀಕ್ಷೆಗೊಡ್ಡುವುದು ಈ ಶಿಕ್ಷಣದ ಉದ್ದೇಶವಲ್ಲ. ವಿಮಾ ಕಂಪನಿಗಳು ಹಾಗೆ ಕಡ್ಡಾಯ ಮಾಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಅಮೆರಿಕದ ಶಸ್ತ್ರವೈದ್ಯರ ಸಂಘವು 2016ರಲ್ಲಿ ಸ್ಪಷ್ಟಪಡಿಸಿತು. ಕಾಯಿಸುವುದು ಬೇರೆ, ಕಲಿಸುವುದು ಬೇರೆ. ದಂಡನೆಯಾಗಿ ವಿಧಿಸಿದ ಕಾಯುವಿಕೆಯು ಮತ್ತೊಂದು ಪರವಶತೆಯಾದೀತೇ ಹೊರತು ವ್ರತವಾಗದು.

ಕಲಿಯಬೇಕಾದುದೇನು

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಭೋಗೋಪಭೋಗ ಪರಿಮಾಣವ್ರತವನ್ನು ವಿವರಿಸುವಾಗ ತ್ಯಾಗವನ್ನು ಎರಡಾಗಿ ವಿಂಗಡಿಸುತ್ತದೆ: ಕಾಲದ ಮಿತಿಯುಳ್ಳದ್ದು ನಿಯಮ, ಜೀವಾವಧಿಯದು ಯಮ. ಶಸ್ತ್ರಚಿಕಿತ್ಸೆಗೆ ಸಿದ್ಧನಾಗುವವನು ಕಲಿಯಬೇಕಾದುದನ್ನು ಹೀಗೆಯೇ ವಿಂಗಡಿಸಬಹುದು.

ನಿಯಮದ ಭಾಗವು ಸುಲಭವಾಗಿ ತಿಳಿಯುವಂಥದು. ಶಸ್ತ್ರಕ್ಕೆ ಮುನ್ನ ಸುಮಾರು ಎರಡು ವಾರ ಬಹಳ ಕಡಿಮೆ ಶಕ್ತಿಯ ಆಹಾರವನ್ನು ವೈದ್ಯರು ಹೇಳುವುದುಂಟು. ಪಿತ್ತಕೋಶದ ಮೇಲಿರುವ ಯಕೃತ್ತು ಜಠರವನ್ನೂ ಭಾಗಶಃ ಮುಚ್ಚಿಕೊಂಡಿರುವುದರಿಂದ, ಅದರಲ್ಲಿ ತುಂಬಿದ ಕೊಬ್ಬು ಕರಗಿ ಕುಗ್ಗಿದರೆ ಶಸ್ತ್ರವೈದ್ಯನ ಕೈಗೆ ದಾರಿ ಸುಗಮವಾಗುತ್ತದೆ. ಮಧುಮೇಹದ ಮದ್ದನ್ನು ಆ ದಿನಗಳಲ್ಲಿ ವೈದ್ಯರೇ ಸರಿಹೊಂದಿಸಬೇಕು. ಶಸ್ತ್ರದ ಅನಂತರ ಮೊದಲು ತಿಳಿನೀರು, ಆಮೇಲೆ ದ್ರವಾಹಾರ, ಆಮೇಲೆ ರುಬ್ಬಿದ್ದು, ಆಮೇಲೆ ಮೆತ್ತನೆಯದು, ಕಡೆಗೆ ಗಟ್ಟಿ ಆಹಾರ ಎಂಬ ಮೆಟ್ಟಿಲುಗಳನ್ನು ಹತ್ತಬೇಕಾಗುತ್ತದೆ. ತಂಬಾಕು ಮಾತ್ರ ನಿಯಮದಲ್ಲಿ ಸೇರದೆ ಯಮದಲ್ಲಿಯೇ ಸೇರತಕ್ಕದ್ದು. ಕೆಲವು ವಾರ ಮೊದಲೇ ಬಿಡದಿದ್ದರೆ ಗಾಯ ಮಾಯುವುದು ಕಷ್ಟ. ಮತ್ತೆ ಹಿಡಿದರೆ ಹುಣ್ಣಾಗುವ ಭಯ. ಎಲೆಯಡಿಕೆಯೊಳಗಣ ಹೊಗೆಸೊಪ್ಪಿಗೂ ಈ ಮಾತು ಅನ್ವಯಿಸುತ್ತದೆ.

ಯಮದ ಭಾಗವೇ ದೀರ್ಘ ಮತ್ತು ಕಠಿಣ. ತುತ್ತು ಚಿಕ್ಕದಿರಬೇಕು, ಇಪ್ಪತ್ತು ಮೂವತ್ತು ಸಲ ಅಗಿಯಬೇಕು, ಊಟಕ್ಕೆ ಅರ್ಧ ಗಂಟೆ ಹಿಡಿಯಬೇಕು, ಊಟದೊಡನೆಯೂ ಅನಂತರದ ಅರ್ಧ ಗಂಟೆಯೂ ನೀರು ಕುಡಿಯಬಾರದು. ತಟ್ಟೆಯಲ್ಲಿ ಮೊದಲ ಸ್ಥಾನ ಅನ್ನಕ್ಕಲ್ಲ, ಸಸಾರಜನಕಕ್ಕೆ. ದಿನಕ್ಕೆ ಕನಿಷ್ಠ 60 ಗ್ರಾಂ ಸಸಾರಜನಕ ಬೇಕೆಂಬುದು ಸಾಮಾನ್ಯ ಸೂಚನೆ. ಇಲ್ಲವಾದರೆ ಕೊಬ್ಬಿನೊಡನೆ ಮಾಂಸಖಂಡವೂ ಕರಗಿ, ಕೂದಲು ಉದುರಿ, ನಿಶ್ಶಕ್ತಿ ಆವರಿಸುತ್ತದೆ. ಕರಾವಳಿಯ ಇತರರಿಗೆ ಗಂಗೊಳ್ಳಿಯ ಬಂದರಿನಿಂದ ಬರುವ ಮೀನಿದೆ, ಮೊಟ್ಟೆಯಿದೆ. ಜೈನ ಮನೆಗೆ ಇವೆರಡೂ ಇಲ್ಲ. ಆದುದರಿಂದ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು. ನೂರು ಗ್ರಾಂ ಹೆಸರುಬೇಳೆಯಲ್ಲಿ ಸುಮಾರು 24 ಗ್ರಾಂ, ಹುರುಳಿಯಲ್ಲಿ ಸುಮಾರು 22 ಗ್ರಾಂ, ಒಂದು ಲೋಟ ಹಾಲಿನಲ್ಲಿ ಆರೇಳು ಗ್ರಾಂ, ನೂರು ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ ಸಸಾರಜನಕವಿರುತ್ತದೆ. ಆದರೆ ಒಂದು ಸಲಕ್ಕೆ ಅರ್ಧ ಬಟ್ಟಲು ಹಿಡಿಯುವ ಹೊಟ್ಟೆಗೆ ನೂರು ಗ್ರಾಂ ಬೇಳೆಯನ್ನು ಬೇಯಿಸಿ ತುಂಬಲಾಗದು. ಕುಚ್ಚಲಕ್ಕಿ ಗಂಜಿಯು ಹಿತವಾದ ಆಹಾರವೇ ಆದರೂ, ಮೊದಲು ಅದನ್ನೇ ಉಂಡರೆ ಬೇಳೆಗೆ ಜಾಗವಿರುವುದಿಲ್ಲ. ನೀರುದೋಸೆಯೂ ಕೊಟ್ಟೆಕಡುಬೂ ಇದೇ ಸಾಲಿನವು. ಗಟ್ಟಿಯಾಗಿ ಬೇಯಿಸಿದ ಹೆಸರುಬೇಳೆ ತೊವ್ವೆ, ಹುರುಳಿಯ ಸಾರಿನ ಬದಲು ಬೆಂದ ಹುರುಳಿಯನ್ನೇ ರುಬ್ಬಿದ್ದು, ನೀರು ಬಸಿದ ಗಟ್ಟಿ ಮೊಸರು, ಪನೀರು, ಸೋಯಾ, ಅವಶ್ಯವಿದ್ದರೆ ಹಾಲಿನಿಂದ ತೆಗೆದ ಸಸಾರಜನಕದ ಪುಡಿ: ಈ ಕ್ರಮವನ್ನು ಮೊದಲೇ ರೂಢಿಸಿಕೊಂಡವಳಿಗೆ ಶಸ್ತ್ರದ ಅನಂತರ ಅಡುಗೆಮನೆಯು ಅಪರಿಚಿತವಾಗುವುದಿಲ್ಲ.

ವ್ರತಾಚರಣೆಯಲ್ಲಿ ಒಂದು ವಿಪರ್ಯಾಸವೂ ಇಲ್ಲಿ ಕಾಣುತ್ತದೆ. ರಸಪರಿತ್ಯಾಗದಲ್ಲಿ ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪುಗಳನ್ನು ಬಿಡುವ ಪದ್ಧತಿಯಿದೆ. ಭಕ್ತಿಯ ಭರದಲ್ಲಿ ಹಾಲು ಮೊಸರುಗಳನ್ನು ತೊರೆದು ಬೆಲ್ಲದ ಪಾಯಸವನ್ನು ಉಳಿಸಿಕೊಂಡ ರೋಗಿಯು ಬಿಡಬೇಕಾದುದನ್ನು ಇಟ್ಟುಕೊಂಡು ಇಟ್ಟುಕೊಳ್ಳಬೇಕಾದುದನ್ನು ಬಿಟ್ಟಂತಾಗುತ್ತದೆ. ತ್ಯಾಗದ ಮೌಲ್ಯವು ತ್ಯಜಿಸಿದ ವಸ್ತುವಿನ ಸಂಖ್ಯೆಯಲ್ಲಿಲ್ಲ. ಯಾವುದರಲ್ಲಿ ಆಸಕ್ತಿ ಬೇರೂರಿದೆಯೋ ಅದನ್ನು ಗುರುತಿಸುವುದರಲ್ಲಿದೆ.

ಆಹಾರತಜ್ಞರು ತಿಂದುದನ್ನೆಲ್ಲ ದಿನಚರಿಯಲ್ಲಿ ಬರೆದಿಡಲು ಹೇಳುತ್ತಾರೆ. ಮನುಷ್ಯನು ತಾನು ತಿಂದುದನ್ನು ಕಡಿಮೆ ಮಾಡಿ ಹೇಳುತ್ತಾನೆಂಬುದು ಅವರೆಲ್ಲರ ಅನುಭವ. ಸಂಜೆ ಚಹದೊಡನೆ ತಿಂದ ಎರಡು ಬನ್ಸ್, ಮಗು ಬಿಟ್ಟ ತಟ್ಟೆಯಿಂದ ಎತ್ತಿಕೊಂಡ ತುಣುಕು ಇವು ನೆನಪಿನಿಂದ ಜಾರುತ್ತವೆ. ಗುರುವಿನೆದುರು ದೋಷವನ್ನು ಮರೆಮಾಚದೆ ನಿವೇದಿಸುವ ಆಲೋಚನೆಯೂ, ದಿನದ ಕಡೆಯಲ್ಲಿ ನಡೆದುದನ್ನು ಹಿಂದಿರುಗಿ ನೋಡುವ ಪ್ರತಿಕ್ರಮಣವೂ ಯಾವ ಸಂಪ್ರದಾಯದಲ್ಲಿವೆಯೋ ಆ ಸಂಪ್ರದಾಯದವರಿಗೆ ಈ ದಿನಚರಿಯು ಹೊಸದಾಗಬಾರದು.

ನಡಿಗೆಯ ಅಭ್ಯಾಸಕ್ಕೆ ಈ ಭಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲವು ದೊಡ್ಡ ಅಡ್ಡಿ. ಕೋಡಿಯ ಕಡಲತೀರದಲ್ಲಿ ಬೇಸಗೆಯಲ್ಲಿ ನಡೆಯುವವರು ಮಳೆ ಹಿಡಿದೊಡನೆ ನಿಲ್ಲಿಸುತ್ತಾರೆ. ಜಗಲಿಯ ಮೇಲೆ, ಚಾವಡಿಯಲ್ಲಿ, ಬಸದಿಯ ಒಳಸುತ್ತಿನಲ್ಲಿ ನಿತ್ಯ ಅರ್ಧ ಗಂಟೆ ನಡೆಯುವ ಕ್ರಮವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ವ್ರತನಿಯಮಗಳಿಗೆ ಪ್ರಶಸ್ತವಾದ ಚಾತುರ್ಮಾಸವೂ ಇದೇ ಕಾಲದಲ್ಲಿ ಬರುವುದರಿಂದ, ಈ ನಿಯಮವನ್ನೂ ಅದರೊಡನೆ ಸೇರಿಸಿಕೊಳ್ಳಬಹುದು.

ವ್ರತವೂ ವೈದ್ಯವೂ

ರಾತ್ರಿಭೋಜನತ್ಯಾಗವು ಈ ಚಿಕಿತ್ಸೆಗೆ ಬಹುಮಟ್ಟಿಗೆ ಅನುಕೂಲವೇ ಆಗಿದೆ. ತಡರಾತ್ರಿಯ ಊಟವನ್ನು ಆಹಾರತಜ್ಞರೂ ಬೇಡವೆನ್ನುತ್ತಾರೆ. ಆದರೆ ರಾತ್ರಿ ನೀರನ್ನೂ ಬಿಡುವವರು ಲೆಕ್ಕ ನೋಡಬೇಕು. ಕುಂದಾಪುರದಲ್ಲಿ ಡಿಸೆಂಬರ್ ತಿಂಗಳಿನಲ್ಲಿ ಆರು ಗಂಟೆಯ ಆಸುಪಾಸಿನಲ್ಲಿ ಸೂರ್ಯಾಸ್ತವಾಗುತ್ತದೆ. ಹಗಲು ಹನ್ನೊಂದು ಗಂಟೆಗಿಂತ ಸ್ವಲ್ಪ ಹೆಚ್ಚು. ಐದು ಚಿಕ್ಕ ಊಟಗಳಿಗೂ ಅವುಗಳ ಅನಂತರದ ಅರ್ಧ ಗಂಟೆಗಳಿಗೂ ಐದು ಗಂಟೆ ಹೋದರೆ ನೀರಿಗೆ ಉಳಿಯುವುದು ಆರು ಗಂಟೆ. ದಿನಕ್ಕೆ ಕನಿಷ್ಠ ಒಂದೂವರೆ ಲೀಟರ್ ನೀರು ಬೇಕು. ಎಂದರೆ ಗಂಟೆಗೆ 250 ಮಿಲಿಲೀಟರ್, ಅದೂ ಗುಟುಕು ಗುಟುಕಾಗಿ. ಮೊದಲ ವಾರಗಳಲ್ಲಿ ಇದು ಅನೇಕರಿಗೆ ಅಸಾಧ್ಯ. ಪರ್ವದಿನಗಳ ನಿರಾಹಾರ ಉಪವಾಸವಂತೂ ಹೆಚ್ಚು ಅಪಾಯಕರ. ದೇಹದಲ್ಲಿ ನೀರು ಬತ್ತುವುದಲ್ಲದೆ, ಬಿ1 ಜೀವಸತ್ವದ ಕೊರತೆಯಿಂದ ನರಮಂಡಲಕ್ಕೆ ಮರಳಿಬಾರದ ಹಾನಿಯಾಗಬಹುದು. ಆದುದರಿಂದ ಜೀವಾವಧಿ ವ್ರತವುಳ್ಳವರು ಶಸ್ತ್ರಕ್ಕೆ ಮುನ್ನವೇ ವೈದ್ಯರಿಗೆ ತಮ್ಮ ವ್ರತವನ್ನೂ, ತಮ್ಮ ಗುರುಗಳಿಗೆ ಚಿಕಿತ್ಸೆಯ ಅವಶ್ಯಕತೆಗಳನ್ನೂ ತಿಳಿಸಿ ದಾರಿ ಗೊತ್ತುಮಾಡಿಕೊಳ್ಳುವುದು ಉಚಿತ. ಆಸ್ಪತ್ರೆಯ ಹಾಸಿಗೆಯಲ್ಲಿ, ನೋವಿನ ನಡುವೆ ನಿರ್ಧರಿಸುವ ವಿಷಯ ಇದಲ್ಲ.

ಇನ್ನೊಂದು ಸೂಕ್ಷ್ಮ ವಿಚಾರವಿದೆ. ಶಸ್ತ್ರದ ಅನಂತರ ಬಿ12, ಕಬ್ಬಿಣ, ಸುಣ್ಣಾಂಶ, ಡಿ ಜೀವಸತ್ವಗಳನ್ನು ಜೀವಮಾನವಿಡೀ ಸೇವಿಸಬೇಕಾಗುತ್ತದೆ. ಅನೇಕ ಕ್ಯಾಪ್ಸೂಲುಗಳ ಕವಚವು ಪ್ರಾಣಿಗಳ ಎಲುಬು ಚರ್ಮಗಳಿಂದ ತೆಗೆದ ಜೆಲಟಿನ್. ಡಿ3 ಜೀವಸತ್ವವನ್ನು ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಿಸುತ್ತಾರೆ. ಬಿ12 ಸೂಕ್ಷ್ಮಾಣುಜೀವಿಗಳ ಹುದುಗಿನಿಂದ ಬರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಚುಚ್ಚುಮದ್ದಿನ ಮೂಲವು ಹಂದಿಯ ಕರುಳು. ಇವುಗಳಲ್ಲಿ ಕೆಲವಕ್ಕೆ ಪರ್ಯಾಯಗಳಿವೆ: ಸಸ್ಯಮೂಲದ ಕವಚ, ಮಾತ್ರೆ, ಡಿ2, ರಾಸಾಯನಿಕವಾಗಿ ತಯಾರಿಸಿದ ಫಾಂಡಾಪರಿನಕ್ಸ್. ಪರ್ಯಾಯವು ಎಲ್ಲ ರೋಗಿಗಳಿಗೂ ಹೊಂದಬೇಕೆಂದಿಲ್ಲ; ಆ ತೀರ್ಮಾನ ವೈದ್ಯರದು. ಜೀವರಕ್ಷಣೆಗಾಗಿ ಅನಿವಾರ್ಯವಾದುದನ್ನು ಗೃಹಸ್ಥನು ಸ್ವೀಕರಿಸಬಹುದೇ ಎಂಬುದರಲ್ಲಿ ಬಲ್ಲವರಲ್ಲಿಯೂ ಭಿನ್ನಾಭಿಪ್ರಾಯವಿರಬಹುದು. ಆದರೆ ಕೇಳದೆ ಇರುವುದನ್ನು ಯಾರೂ ಸಮರ್ಥಿಸಲಾರರು. ಪ್ರಮಾದವೇ ಹಿಂಸೆಯ ಮೂಲವೆಂದು ಶಾಸ್ತ್ರವು ಹೇಳುವಾಗ, ತಿಳಿಯಲು ಅವಕಾಶವಿದ್ದೂ ತಿಳಿಯದೆ ಉಳಿಯುವುದು ಪ್ರಮಾದವಲ್ಲದೆ ಮತ್ತೇನು? ಶಸ್ತ್ರಕ್ಕೆ ಮುನ್ನ ದೊರೆಯುವ ಕಾಲವು ಈ ಪ್ರಶ್ನೆಗಳನ್ನು ಶಾಂತವಾಗಿ ಕೇಳುವ ಕಾಲ.

ಕೃತ, ಕಾರಿತ, ಅನುಮತ

ಕಡೆಯದಾಗಿ ಮನೆಯವರ ವಿಷಯ. ಪಾಪವನ್ನು ತಾನೇ ಮಾಡುವುದು ಕೃತ, ಇನ್ನೊಬ್ಬರಿಂದ ಮಾಡಿಸುವುದು ಕಾರಿತ, ಮಾಡುವುದನ್ನು ಒಪ್ಪುವುದು ಅನುಮತ, ಮೂರಕ್ಕೂ ಹೊಣೆಯುಂಟು. ಈ ಭಾಗದ ಮದುವೆ ಮುಂಜಿಗಳಲ್ಲಿ ಬಾಳೆಎಲೆಯ ಮುಂದೆ ಕುಳಿತವರಿಗೆ ಒತ್ತಾಯಿಸಿ ಬಡಿಸುವುದು ಆದರದ ಲಕ್ಷಣ. ಕೈ ಅಡ್ಡವಿಟ್ಟರೂ ಬೆರಳ ಸಂದಿಯಿಂದ ಹೋಳಿಗೆ ಎಲೆಗೆ ಬೀಳುತ್ತದೆ. ಬೇಡವೆಂದರೆ ಬಡಿಸುವವರಿಗೆ ನೋವು. ಅದೇ ಮನೆಯಲ್ಲಿ ಅದೇ ವ್ಯಕ್ತಿಯ ಮೈಯನ್ನು ಕುರಿತು ನಗೆಮಾತೂ ನಡೆಯುತ್ತದೆ. ಒತ್ತಾಯಿಸಿ ಬಡಿಸಿದ ಕೈಗೂ ದಪ್ಪವೆಂದು ನಕ್ಕ ಬಾಯಿಗೂ ಒಡೆಯರು ಬೇರೆ ಬೇರೆಯಲ್ಲ. ಮೊದಲು ಹೇಳಿದ ಗೃಹಿಣಿಯ ಸ್ಥಿತಿಯು ಇನ್ನೂ ಕಷ್ಟದ್ದು. ಮನೆಮಂದಿಗೆಲ್ಲ ಅವಳೇ ಅಡುಗೆ ಮಾಡಬೇಕು, ರುಚಿ ನೋಡಬೇಕು, ಉಳಿದುದನ್ನು ಚೆಲ್ಲಬಾರದೆಂದು ಅವಳೇ ಮುಗಿಸಬೇಕು. ಅನ್ನ ಚೆಲ್ಲಬಾರದೆಂಬ ಸದ್ಧರ್ಮವೂ ಅವಳ ದೇಹದ ಮೇಲೆಯೇ ಭಾರವಾಗಿ ಕೂಡುತ್ತದೆ.

ಆದುದರಿಂದ ಪೂರ್ವಶಿಕ್ಷಣವು ರೋಗಿಯೊಬ್ಬಳಿಗೇ ಸಾಲದು. ಆಹಾರತಜ್ಞರ ಬಳಿಗೆ ಗಂಡನೂ ಅತ್ತೆಯೂ ಜೊತೆಗೆ ಹೋಗುವುದು, ಅಳತೆಯಿಂದ ಅಡುಗೆ ಮಾಡುವ ರೂಢಿಗೆ ಮನೆಯೇ ಬರುವುದು, ನೆಂಟರ ಮನೆಯಲ್ಲಿ ಅವಳ ಪರವಾಗಿ ಇನ್ನೊಬ್ಬರು “ಸಾಕು” ಎನ್ನುವುದು, ಇವು ಔಷಧದಷ್ಟೇ ಅವಶ್ಯಕ. ಚಿಕಿತ್ಸೆ ಮುಗಿದ ಮೇಲೂ ಹೊಣೆಯಿದೆ. ವರ್ಷವರ್ಷವೂ ರಕ್ತಪರೀಕ್ಷೆಯಾಗಬೇಕು. ಬೈಂದೂರಿನವರು ಮಣಿಪಾಲದಂಥ ದೊಡ್ಡ ಆಸ್ಪತ್ರೆಯಿರುವ ಊರಿಗೆ ಹೋಗಬೇಕಾದರೆ ಸುಮಾರು ಎಪ್ಪತ್ತು ಕಿಲೋಮೀಟರ್ ದಾರಿ. ಆ ದಾರಿಯನ್ನು ವರ್ಷಕ್ಕೆ ಕೆಲವು ಸಲ, ಎಷ್ಟೋ ವರ್ಷ, ಯಾರು ಕರೆದೊಯ್ಯುವರೆಂಬುದೂ ಶಸ್ತ್ರಕ್ಕೆ ಮುನ್ನ ಮನೆಯಲ್ಲಿ ತೀರ್ಮಾನವಾಗಬೇಕಾದ ಮಾತು. ಹಸಿವನ್ನು ತಗ್ಗಿಸುವ ಚುಚ್ಚುಮದ್ದುಗಳು 2025ರಿಂದ ನಮ್ಮ ದೇಶದ ಮಾರುಕಟ್ಟೆಯಲ್ಲಿ ಹೆಚ್ಚು ಪ್ರಚಾರಕ್ಕೆ ಬಂದಿವೆ. ಶಸ್ತ್ರದ ಬದಲು ಸೂಜಿ ಬಂದರೂ ಪ್ರಶ್ನೆ ಬದಲಾಗದು. ಮದ್ದು ನಿಂತ ದಿನ ಉಳಿಯುವುದು ಕಲಿತ ಅಭ್ಯಾಸ ಮಾತ್ರ.

ಬಾರಕೂರಿನ ಕತ್ತಲೆ ಬಸದಿಯ ಕಲ್ಲುಗಳೂ ಹಟ್ಟಿಯಂಗಡಿಯ ಬಸದಿಯೂ ಈ ನೆಲದಲ್ಲಿ ಶ್ರಾವಕಧರ್ಮವು ಶತಮಾನಗಳ ಹಿಂದೆಯೇ ಬೇರುಬಿಟ್ಟುದಕ್ಕೆ ಸಾಕ್ಷಿಯಾಗಿವೆ. ಆ ಧರ್ಮವು ದೇಹವನ್ನು ಪೂಜಿಸಲೂ ಹೇಳಲಿಲ್ಲ, ಅಜ್ಞಾನದಿಂದ ಕೆಡಿಸಲೂ ಹೇಳಲಿಲ್ಲ. ಸಾಧನೆಗೆ ಬೇಕಾದ ಉಪಕರಣವಾಗಿ ಕಾಪಾಡಲು ಹೇಳಿತು. ದರ್ಶನ, ಜ್ಞಾನ, ಚಾರಿತ್ರಗಳ ಕ್ರಮದಲ್ಲಿ ಜ್ಞಾನವು ಚಾರಿತ್ರಕ್ಕೆ ಮುಂಚೆ ಬರುವುದು ಅಕಾರಣವಲ್ಲ. ಶಸ್ತ್ರಚಿಕಿತ್ಸೆಯನ್ನು ಆರಿಸಿಕೊಂಡವನು ಸಂಯಮಭ್ರಷ್ಟನಲ್ಲ, ಆರಿಸಿಕೊಳ್ಳದವನು ಮೂಢನಲ್ಲ. ಕಲಿತು ಹೋದವನಿಗೂ ತೂಕ ಮರಳಿ ಬಂದೀತು. ಆಗಲೂ ಅವನನ್ನು ಹಳಿಯುವ ಹಕ್ಕು ಯಾರಿಗೂ ಇಲ್ಲ. ಹೊಟ್ಟೆಯನ್ನು ಕಿರಿದುಮಾಡುವ ಕೆಲಸವನ್ನು ವೈದ್ಯನು ಒಂದೆರಡು ಗಂಟೆಯಲ್ಲಿ ಮುಗಿಸಬಲ್ಲನು. ಸಾಕು ಎಂಬ ಮಾತನ್ನು ಮಾತ್ರ ಉಣ್ಣುವವನೇ ಕಲಿಯಬೇಕು, ಅವನ ಮನೆಯವರು ಅದನ್ನು ಗೌರವಿಸಬೇಕು.